ಪೆಟ್ಟು ಬಿದ್ದದ್ದು ಬಲಗಣ್ಣಿಗೆ, ಎಡಗಣ್ಣನ್ನು ಎಷ್ಟು ದಿನ ಕಾಯಬೇಕು? ಸಿಂಪಥೆಟಿಕ್ ಆಫ್ಥಾಲ್ಮಿಯಾ ಬಗ್ಗೆ

ತಾಲ್ಲೂಕುಕಣ್ಣು:

ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ನಾನು. ನಮ್ಮಲ್ಲಿ ಕಣ್ಣಿನ ಸರ್ಜನ್ ಬರುವುದು ವಾರಕ್ಕೊಂದು ದಿನ. ಒಂದು ಕೇಸಿನ ಫಾಲೋ-ಅಪ್ ಬಗ್ಗೆ ಬಲ್ಲವರ ಸಲಹೆ ಬೇಕು.

ಪೇಶೆಂಟ್ 34 ವರ್ಷದ ಕಲ್ಲುಕೆಲಸದವರು. ಉಳಿಯಿಂದ ಸಿಡಿದ ಉಕ್ಕಿನ ಚೂರು ಬಲಗಣ್ಣಿನೊಳಗೆ ಹೊಕ್ಕಿದೆ. ಕರಿಗುಡ್ಡೆಯ ಅಂಚಿನಿಂದ ಹಿಂದಕ್ಕೆ ಸುಮಾರು 9 ಮಿ.ಮೀ. ಸೀಳು, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಮತ್ತು ಸಿಲಿಯರಿ ಬಾಡಿ (ಅದರ ಹಿಂದೆ, ಹತ್ತಿರ ನೋಡಲು ಲೆನ್ಸನ್ನು ಹೊಂದಿಸುವ ಭಾಗ) ಹೊರಗೆ ಬಂದಿತ್ತು. ಅದೇ ರಾತ್ರಿ ದೊಡ್ಡಾಸ್ಪತ್ರೆಯಲ್ಲಿ ಚೂರು ತೆಗೆದು ಹೊಲಿದಿದ್ದಾರೆ. ಇವತ್ತಿಗೆ ಆರನೇ ದಿನ. ಆ ಕಣ್ಣು ಪಿ.ಎಲ್. ನೆಗೆಟಿವ್, ಟಾರ್ಚ್ ಬಿಟ್ಟರೂ ಬೆಳಕು ಗೊತ್ತಾಗುತ್ತಿಲ್ಲ. ಎಡಗಣ್ಣು 6/6.

"ಎರಡು ವಾರದೊಳಗೆ ಗಾಯದ ಕಣ್ಣು ತೆಗೆಸಿದರೆ ಒಳ್ಳೆಯದು, ಇಲ್ಲವಾದರೆ ಇನ್ನೊಂದು ಕಣ್ಣಿಗೂ ಉರಿಯೂತ ಬರಬಹುದು" ಎಂದು ಅಲ್ಲಿ ಹೇಳಿ ಕಳಿಸಿದ್ದಾರೆ. ಸಿಂಪಥೆಟಿಕ್ ಆಫ್ಥಾಲ್ಮಿಯಾ ಎಂದರೆ ಇದೇ. ಹೆಂಡತಿಗೆ ಕಣ್ಣು ತೆಗೆಸಲು ಮನಸ್ಸಿಲ್ಲ, ಮಾವನವರು ಇವತ್ತೇ ತೆಗೆಸಿ ಅನ್ನುತ್ತಾರೆ. ನಂಜು ಏರುತ್ತದೆ ಎಂದು ಊರವರು ಹೆದರಿಸಿ ಬದನೆಕಾಯಿ, ಮೊಟ್ಟೆ ಬಿಡಿಸಿದ್ದಾರೆ. ಚೆನ್ನಾಗಿರುವ ಕಣ್ಣಿಗೂ ಬಟ್ಟೆ ಕಟ್ಟಿ ಕೂರಿಸಿದ್ದಾರೆ.

ನನ್ನ ಪ್ರಶ್ನೆ ಎರಡು. ಆ ಹದಿನಾಲ್ಕು ದಿನದ ಲೆಕ್ಕ ಎಷ್ಟು ಗಟ್ಟಿ? ನನ್ನ ಹತ್ತಿರ ಇರುವುದು ಸ್ಲಿಟ್ ಲ್ಯಾಂಪ್, ಡೈರೆಕ್ಟ್ ಆಫ್ಥಾಲ್ಮೋಸ್ಕೋಪ್, ಓದುವ ಚಾರ್ಟು ಮಾತ್ರ. ಇಷ್ಟರಲ್ಲೇ ಎಡಗಣ್ಣಿನ ತೊಂದರೆಯನ್ನು ಎಷ್ಟು ಬೇಗ ಹಿಡಿಯಬಹುದು?

ಯುವಿಯಾಪದರ:

ಮೊದಲು ಎಡಗಣ್ಣಿನ ಬಟ್ಟೆ ಬಿಚ್ಚಿಸಿ. ಇದು ಕಣ್ಣಿನ ಆಯಾಸದಿಂದ ಬರುವ ಕಾಯಿಲೆಯಲ್ಲ, ಸೋಂಕೂ ಅಲ್ಲ, ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕಣ್ಣು ಕಟ್ಟಿಟ್ಟರೆ ಮಸುಕು ಶುರುವಾದದ್ದು ಆತನಿಗೇ ಗೊತ್ತಾಗುವುದಿಲ್ಲ, ಅದೊಂದೇ ಆಗುವುದು.

ಒಳಗೆ ನಡೆಯುವುದು ಇಷ್ಟು. ಯುವಿಯಾ (ಐರಿಸ್, ಸಿಲಿಯರಿ ಬಾಡಿ ಸೇರಿದ ಕಣ್ಣಿನ ನಡುಪದರ) ಮತ್ತು ರೆಟಿನಾದಲ್ಲಿರುವ (ಹಿಂದೆ ಬೆಳಕು ಹಿಡಿಯುವ ಪದರ) ಕೆಲವು ಪ್ರೋಟೀನುಗಳಿಗೂ ದೇಹದ ರೋಗನಿರೋಧಕ ವ್ಯವಸ್ಥೆಗೂ ಸಾಮಾನ್ಯವಾಗಿ ಮುಖಾಮುಖಿಯೇ ಆಗುವುದಿಲ್ಲ. ಕಣ್ಣಿನೊಳಗೆ ಲಿಂಫ್ ನಾಳಗಳಿಲ್ಲ. ಗುಡ್ಡೆ ಒಡೆದು ಯುವಿಯಾ ಹೊರಬಂದಾಗ ಆ ಪ್ರೋಟೀನುಗಳು ಕಂಜಂಕ್ಟೈವಾದ (ಬಿಳಿಗುಡ್ಡೆಯ ಮೇಲಿನ ತೆಳುಪೊರೆ) ಲಿಂಫ್ ನಾಳಗಳ ಮೂಲಕ ಗ್ರಂಥಿಗಳನ್ನು ತಲುಪುತ್ತವೆ. ಅಲ್ಲಿ ಅವನ್ನು ಪರಕೀಯ ಎಂದು ಗುರುತಿಸಿದ ಟಿ-ಕೋಶಗಳು ರಕ್ತದಲ್ಲಿ ಸುತ್ತುತ್ತಾ ಎರಡೂ ಕಣ್ಣಿನ ಯುವಿಯಾದ ಮೇಲೆ ಬೀಳುತ್ತವೆ. ಎಡಗಣ್ಣಿಗೆ ಏನೂ "ಹರಡುವುದಿಲ್ಲ", ಅದರ ಮೇಲೆ ದಾಳಿ ಆಗುತ್ತದೆ, ಅಷ್ಟೇ. ಈ ಕಾಯಿಲೆಯನ್ನು 1840ರಲ್ಲಿ ವಿವರವಾಗಿ ದಾಖಲಿಸಿದ ಗ್ಲಾಸ್ಗೋದ ವಿಲಿಯಂ ಮೆಕೆಂಜಿ ಇದು ಆಪ್ಟಿಕ್ ನರದ ಮೂಲಕ ದಾಟುತ್ತದೆ ಎಂದುಕೊಂಡಿದ್ದರು. ಊರವರು ಹೇಳುವುದಕ್ಕೂ ಅದಕ್ಕೂ ಬಹಳ ದೂರವಿಲ್ಲ, ಪಾಪ. ಲೂಯಿ ಬ್ರೈಲ್ 1812ರಲ್ಲಿ, ಮೂರು ವರ್ಷದ ಹುಡುಗನಾಗಿದ್ದಾಗ, ಅಪ್ಪನ ಚರ್ಮದ ಕೆಲಸದ ಚೂಪು ಸಲಕರಣೆಯಿಂದ ಒಂದು ಕಣ್ಣಿಗೆ ಗಾಯ ಮಾಡಿಕೊಂಡು ಐದರ ಹೊತ್ತಿಗೆ ಎರಡನ್ನೂ ಕಳೆದುಕೊಂಡದ್ದು ಇದರಿಂದಲೇ ಇರಬೇಕು ಎಂದು ಹಲವರು ಊಹಿಸುತ್ತಾರೆ.

ಅಪಾಯ ಎಷ್ಟು? ಗುಡ್ಡೆ ಒಡೆದ ಗಾಯಗಳಲ್ಲಿ 0.2ರಿಂದ 0.5 ಶೇಕಡಾ ಎಂದು ಪುಸ್ತಕಗಳು ಕೊಡುತ್ತವೆ, ಕಣ್ಣಿನೊಳಗಿನ ಆಪರೇಶನ್‌ಗಳ ನಂತರ ಸುಮಾರು 0.01 ಶೇಕಡಾ. ಅಂದರೆ ಇನ್ನೂರು ಗಾಯಗಳಲ್ಲಿ ಹೆಚ್ಚೆಂದರೆ ಒಂದು. ನಿಮ್ಮ ಪೇಶೆಂಟ್‌ಗೆ ಯುವಿಯಾ ಹೊರಬಂದಿದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಮೇಲ್ಪದರ ಮಾತ್ರ ತರಚಿದ ಗಾಯ, ಬಿಳಿಗುಡ್ಡೆಯ ಮೇಲೆ ರಕ್ತ ಹೆಪ್ಪುಗಟ್ಟಿದ್ದು, ಗುಡ್ಡೆ ಒಡೆಯದ ಮೊಂಡು ಪೆಟ್ಟು, ಇವಕ್ಕೆ ಈ ಭಯ ಬೇಡ. ಒಪಿಡಿಯಲ್ಲಿ ಅಂಥವರನ್ನೂ ಇದೇ ಹೆಸರು ಹೇಳಿ ಹೆದರಿಸುವುದುಂಟು.

ಶುರುವಾಗುವ ಸಮಯ: ಸುಮಾರು 80 ಶೇಕಡಾ ಕೇಸುಗಳು ಮೊದಲ ಮೂರು ತಿಂಗಳಲ್ಲಿ, 90 ಶೇಕಡಾ ಒಂದು ವರ್ಷದೊಳಗೆ. ಐದನೇ ದಿನಕ್ಕೇ ಬಂದದ್ದೂ ವರದಿಯಾಗಿದೆ, 66 ವರ್ಷದ ನಂತರ ಬಂದದ್ದೂ ಇದೆ. ಹದಿನಾಲ್ಕು ದಿನದ ಲೆಕ್ಕ ಹುಟ್ಟಿದ್ದು, ಎರಡು ವಾರಕ್ಕಿಂತ ಮೊದಲು ಇದು ಬರುವುದು ತೀರಾ ಅಪರೂಪ ಎಂಬ ಹಳೆಯ ಅನುಭವದಿಂದ. ಪ್ರಯೋಗ ಮಾಡಿ ಸಾಬೀತುಪಡಿಸಿದ ಗಡುವು ಅಲ್ಲ ಅದು. ಹದಿನೈದನೇ ದಿನ ಬಾಗಿಲು ಮುಚ್ಚುವುದಿಲ್ಲ, ಹದಿಮೂರನೇ ದಿನ ತೆಗೆಸಿದರೆ ನೂರಕ್ಕೆ ನೂರು ಗ್ಯಾರಂಟಿಯೂ ಇಲ್ಲ.

ನನ್ನ ಅಭಿಪ್ರಾಯ: ಆ ಕಣ್ಣಿನಲ್ಲಿ ಸ್ವಲ್ಪವಾದರೂ ನೋಟ ಉಳಿಯುವ ಆಸೆ ಇದ್ದರೆ, ಬರೀ ಈ ಭಯಕ್ಕೆ ತೆಗೆಸಬಾರದು. ಈ ಕಾಯಿಲೆಯಲ್ಲಿ ಕೊನೆಗೆ ಗಾಯದ ಕಣ್ಣೇ ಹೆಚ್ಚು ಚೆನ್ನಾಗಿ ಕಾಣುವ ಕಣ್ಣಾಗಿ ಉಳಿದ ಕೇಸುಗಳಿವೆ. ಹೊಲಿದ ಮಾರನೇ ದಿನ ಪಿ.ಎಲ್. ನೆಗೆಟಿವ್ ಇದ್ದದ್ದು ಒಳಗಿನ ರಕ್ತ ಕರಗಿದ ಮೇಲೆ ಪಿ.ಎಲ್. ಪಾಸಿಟಿವ್ ಆಗುವುದೂ ಉಂಟು. ಹಾಗಾಗಿ ಟಾರ್ಚಿನಲ್ಲಿ ಒಂದು ಸಲ ನೋಡಿ ಬರೆದದ್ದನ್ನು ನಂಬಬೇಡಿ. ಎಡಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಇಂಡೈರೆಕ್ಟ್ ಆಫ್ಥಾಲ್ಮೋಸ್ಕೋಪಿನ ಪೂರ್ತಿ ಬೆಳಕಿನಲ್ಲಿ, ಬೇರೆ ಬೇರೆ ದಿನ, ಬೇರೆಯವರೂ ನೋಡಲಿ. ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿಸಿ. ಒಳಗೆಲ್ಲ ಕಲಸಿಹೋಗಿದೆ, ರೆಟಿನಾ ಹೊರಗೆ ಹೋಗಿದೆ, ಪ್ರತಿ ಸಲವೂ ನೆಗೆಟಿವ್ ಎಂದಾದರೆ ಆಗ ತೆಗೆಯುವ ಮಾತು ನ್ಯಾಯ. ಅದಕ್ಕೂ ಪೇಶೆಂಟ್ ತಾನೇ ಒಪ್ಪಬೇಕು. ಮಾವನವರ ಒಪ್ಪಿಗೆ ಸಾಲದು.

ಬೀಮ್ಒಂದುಮಿಮೀ:

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನಿಮ್ಮಲ್ಲಿರುವ ಸಲಕರಣೆಗಳಲ್ಲಿ ಎಲ್ಲಕ್ಕಿಂತ ಬೆಲೆ ಇರುವುದು ಓದುವ ಚಾರ್ಟಿಗೆ. ಎಡಗಣ್ಣಿನ ಸಿಲಿಯರಿ ಬಾಡಿ ಊದಿಕೊಂಡಾಗ ಮೊದಲು ಕೈಕೊಡುವುದು ಹತ್ತಿರದ ನೋಟ. ದೂರದ್ದು 6/6 ಇದ್ದರೂ ಮೊಬೈಲ್ ಅಕ್ಷರ ಮಂಜಾಗುತ್ತದೆ, ಬೆಳಕು ಚುಚ್ಚುತ್ತದೆ. 34ರ ವಯಸ್ಸಿಗೆ ಚಾಳೀಸು ಬರುವ ಹೊತ್ತಲ್ಲ, ಆದ್ದರಿಂದ ಅಲ್ಲಿ ಏರುಪೇರಾದರೆ ತಕ್ಷಣ ಗೊತ್ತಾಗುತ್ತದೆ. ಇವತ್ತೇ ಎಡಗಣ್ಣಿಗೆ ಚಾರ್ಟಿನ ಸಣ್ಣ ಅಕ್ಷರದ ಎನ್6 ಸಾಲನ್ನು 33 ಸೆಂ.ಮೀ.ನಲ್ಲಿ ಓದಿಸಿ, ಆಮೇಲೆ ಚಾರ್ಟನ್ನು ಹತ್ತಿರ ಹತ್ತಿರ ತಂದು ಎಷ್ಟು ಸೆಂ.ಮೀ.ನಲ್ಲಿ ಮಸುಕಾಯಿತು ಎಂದು ಸ್ಕೇಲ್ ಇಟ್ಟು ಅಳೆದು ಕಾರ್ಡಿನಲ್ಲಿ ಬರೆಯಿರಿ. ಪ್ರತಿ ಭೇಟಿಯಲ್ಲೂ ಅದೇ ಬೆಳಕು, ಅದೇ ಸಾಲು. 13 ಸೆಂ.ಮೀ. ಇದ್ದದ್ದು 22 ಆಯಿತೆಂದರೆ ಕಣ್ಣು ಕೆಂಪಗಿಲ್ಲದಿದ್ದರೂ ಕಳಿಸಿ.

ಸ್ಲಿಟ್ ಲ್ಯಾಂಪಿನಲ್ಲಿ ಕ್ರಮ ಮುಖ್ಯ. ಪಾಪೆ ಅರಳಿಸುವ ಡ್ರಾಪ್ಸ್, ಫ್ಲೋರೆಸೀನ್ ಬಣ್ಣ, ಒತ್ತಡ ಅಳೆಯುವ ಟೋನೋಮೀಟರ್ ಎಲ್ಲಕ್ಕಿಂತ ಮೊದಲು ಆಂಟೀರಿಯರ್ ಚೇಂಬರ್ (ಮುಂದಿನ ಪಾರದರ್ಶಕ ಪದರ ಕಾರ್ನಿಯಾಕ್ಕೂ ಐರಿಸ್‌ಗೂ ನಡುವಿನ ನೀರಿನ ಜಾಗ) ನೋಡಿ. ಡೈಲೇಟ್ ಮಾಡಿದರೆ ಐರಿಸ್‌ನ ಬಣ್ಣದ ಕಣಗಳು ಉದುರಿ ಉರಿಯೂತದ ಕೋಶಗಳಂತೆ ಕಾಣುತ್ತವೆ. ಫ್ಲೋರೆಸೀನ್ ಒಳಕ್ಕೆ ಇಳಿದರೆ ಇಲ್ಲದ ಫ್ಲೇರ್ (ಉರಿಯೂತದಿಂದ ಒಳನೀರು ಮಂಜಾಗುವುದು) ಕಾಣುತ್ತದೆ. ರೂಮು ಪೂರ್ತಿ ಕತ್ತಲು ಮಾಡಿ, ಬೀಮನ್ನು 1 ಮಿ.ಮೀ. ಅಗಲ 1 ಮಿ.ಮೀ. ಎತ್ತರಕ್ಕೆ ಇಳಿಸಿ, ಬೆಳಕು ಗರಿಷ್ಠಕ್ಕೆ ಏರಿಸಿ, ಓರೆಯಾಗಿ ಬಿಟ್ಟು ಪಾಪೆಯ ಕಪ್ಪು ಹಿನ್ನೆಲೆಯಲ್ಲಿ ಎಣಿಸಿ. ಆ ಚೌಕದಲ್ಲಿ 1ರಿಂದ 5 ಕೋಶ ಇದ್ದರೆ 0.5+, 6ರಿಂದ 15ಕ್ಕೆ 1+, 16ರಿಂದ 25ಕ್ಕೆ 2+, 50ರವರೆಗೆ 3+, ಅದಕ್ಕೂ ಮೇಲೆ 4+. ಇಲ್ಲಿ 0.5+ ಕೂಡ ಸುಮ್ಮನೆ ಬಿಡುವ ವಿಷಯವಲ್ಲ. ಆಮೇಲೆ ಕಾರ್ನಿಯಾದ ಒಳಮೈ, ಅದರಲ್ಲೂ ಕೆಳ ಮೂರನೇ ಒಂದು ಭಾಗ: ದಪ್ಪ, ಎಣ್ಣೆಜಿಡ್ಡಿನಂಥ ಮಟನ್ ಫ್ಯಾಟ್ ಕೆ.ಪಿ.ಗಳು (ಉರಿಯೂತದ ಕೋಶಗಳ ಗುಪ್ಪೆಗಳು) ಕೂರುವುದು ಅಲ್ಲಿ. ಡೈಲೇಟ್ ಮಾಡಿದ ಮೇಲೆ ಲೆನ್ಸಿನ ಹಿಂದಿನ ವಿಟ್ರಿಯಸ್ ಎಂಬ ಲೋಳೆಯಲ್ಲಿ ಕೋಶಗಳಿವೆಯಾ ನೋಡಿ. ಹಲವು ಸಲ ಮೊದಲ ಸುಳಿವು ಸಿಗುವುದು ಅಲ್ಲೇ. ಡೈರೆಕ್ಟ್‌ನಲ್ಲಿ ಆಪ್ಟಿಕ್ ಡಿಸ್ಕಿನ ಅಂಚು ಕೆಂಪಾಗಿ ಮಸುಕಾಗಿದೆಯಾ, ಮ್ಯಾಕುಲಾ (ರೆಟಿನಾದ ನಡುಭಾಗ) ಉಬ್ಬಿದೆಯಾ ನೋಡಬಹುದು. ಡ್ಯಾಲೆನ್-ಫುಕ್ಸ್ ನೋಡ್ಯೂಲ್ ಎನ್ನುವ ಹಳದಿ-ಬಿಳಿ ಚುಕ್ಕೆಗಳು ರೆಟಿನಾದ ಅಂಚಿನ ಕಡೆ ಇರುತ್ತವೆ. ಅವು ಡೈರೆಕ್ಟ್‌ಗೆ ಸಿಗುವುದಿಲ್ಲ, ಇಂಡೈರೆಕ್ಟ್ ಬೇಕು.

ಬಲಗಣ್ಣನ್ನೂ ಬಿಡಬೇಡಿ. ಶಾಂತವಾಗುತ್ತಾ ಬಂದ ಗಾಯದ ಕಣ್ಣು ಮೂರ್ನಾಲ್ಕು ವಾರಕ್ಕೆ ಮತ್ತೆ ಕೆಂಪಾಗಿ ನೋಯತೊಡಗಿದರೆ ಹೊಲಿಗೆ ಚುಚ್ಚುತ್ತಿದೆ ಎಂದು ಮುಗಿಸಬೇಡಿ. ಎರಡೂ ಕಣ್ಣಿನಲ್ಲಿ ಒಟ್ಟಿಗೇ ಶುರುವಾಗುವುದು ಮಾಮೂಲು.

ಅತಿ ಹೆಚ್ಚು ಎಡವುವ ಜಾಗ ಒಂದಿದೆ. ಎಡಗಣ್ಣು ಕೆಂಪಾಯಿತು, ಮೆಡಿಕಲ್ ಶಾಪಿನವರು "ಮದ್ರಾಸ್ ಐ" ಎಂದು ಡ್ರಾಪ್ಸ್ ಕೊಟ್ಟರು, ಅಲ್ಲಿಗೆ ಎರಡು ವಾರ ಹೋಯಿತು. ಮದ್ರಾಸ್ ಐನಲ್ಲಿ ಪಿಸುರು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ, ನೋಟ ಸಾಮಾನ್ಯವಾಗಿ ಹೋಗುವುದಿಲ್ಲ. ಇದರಲ್ಲಿ ಪಿಸುರಿಲ್ಲ. ಕೆಂಪು ಕರಿಗುಡ್ಡೆಯ ಸುತ್ತ ಉಂಗುರ ಕಟ್ಟಿರುತ್ತದೆ, ಬೆಳಕು ಸಹಿಸಲಾಗುವುದಿಲ್ಲ, ಓದಲು ಮಂಜು. ಅಂಗಡಿಯವರು ಕೊಡುವ ಡ್ರಾಪ್ಸಿನಲ್ಲಿ ಆಂಟಿಬಯೋಟಿಕ್ ಜೊತೆ ಸ್ಟಿರಾಯ್ಡ್ ಸೇರಿದ್ದರಂತೂ ಮುಂಭಾಗ ಅರೆಬರೆ ತಣ್ಣಗಾಗಿ, ಹಿಂದೆ ರೆಟಿನಾ ಕೆಳಗೆ ನೀರು ತುಂಬುತ್ತಾ ಹೋಗುತ್ತದೆ.

ಎಷ್ಟು ದಿನ ಎಂದು ಶೀರ್ಷಿಕೆಯಲ್ಲಿ ಕೇಳಿದ್ದೀರಿ. ನಾವು ಪಾಲಿಸುವುದು: ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ, ಆಮೇಲೆ ಬದುಕಿರುವವರೆಗೂ ವರ್ಷಕ್ಕೊಮ್ಮೆ. ಮುಂದೆ ಆ ಬಲಗಣ್ಣಿಗೆ ರೆಟಿನಾ ಆಪರೇಶನ್ ಏನಾದರೂ ಆದರೆ ಲೆಕ್ಕ ಮತ್ತೆ ಮೊದಲಿನಿಂದ.

ಆರ್ಬಿಟ್‌ವಾಲ:

ಯುವಿಯಾಪದರ ಅವರು ಹೇಳಿದ್ದಕ್ಕೆ ಬಹುಪಾಲು ಒಪ್ಪಿಗೆ ಇದೆ, ಒಂದು ತಕರಾರು. ಪೇಶೆಂಟ್ ತಿಂಗಳಿಗೆ ಎರಡು ಸಲ ಬರುತ್ತಾರೆ ಎಂಬ ಭರವಸೆ ಇದ್ದರೆ ಮಾತ್ರ "ಕಾದು ನೋಡೋಣ" ಅನ್ನಬಹುದು. ಕಲ್ಲುಕೆಲಸದವರು ಸುಗ್ಗಿ ಮುಗಿದ ಮೇಲೆ ಬೇರೆ ಜಿಲ್ಲೆಗೋ ಗೋವಾಕ್ಕೋ ಕೆಲಸಕ್ಕೆ ಹೋಗಿಬಿಡುತ್ತಾರೆ. ಅಂಥವರಲ್ಲಿ ನೋಟದ ಆಸೆಯೇ ಇಲ್ಲದ, ಕುಗ್ಗಿಹೋಗುವ ಕಣ್ಣನ್ನು ಮೊದಲ ಎರಡು ವಾರದಲ್ಲಿ ತೆಗೆಯುವುದೇ ಸರಿ ಎಂದು ನಾನು ಹೇಳುತ್ತೇನೆ.

ತೆಗೆಯುವುದರಲ್ಲೂ ಎರಡು ಬಗೆ. ಎನ್ಯೂಕ್ಲಿಯೇಶನ್‌ನಲ್ಲಿ ಇಡೀ ಗುಡ್ಡೆ ಆಪ್ಟಿಕ್ ನರ ಕತ್ತರಿಸಿ ಹೊರಬರುತ್ತದೆ, ಯುವಿಯಾದ ಚೂರೂ ಉಳಿಯುವುದಿಲ್ಲ. ಎವಿಸರೇಶನ್‌ನಲ್ಲಿ ಬಿಳಿಗುಡ್ಡೆಯ ಚಿಪ್ಪು ಉಳಿಸಿ ಒಳಗಿನದ್ದನ್ನು ಕೆರೆದು ತೆಗೆಯುತ್ತಾರೆ. ಇದು ಚಿಕ್ಕ ಆಪರೇಶನ್, ಮುಂದೆ ಕೃತಕ ಕಣ್ಣು ಹೆಚ್ಚು ಚೆನ್ನಾಗಿ ಹೊರಳುತ್ತದೆ. ಆದರೆ ಬಿಳಿಗುಡ್ಡೆಯ ರಕ್ತನಾಳ ಹಾದುಹೋಗುವ ಸಣ್ಣ ಓಣಿಗಳಲ್ಲಿ ಯುವಿಯಾ ಕೋಶಗಳು ಉಳಿಯಬಹುದು. ಎವಿಸರೇಶನ್ ನಂತರ ಈ ಕಾಯಿಲೆ ಬರುವುದು ತುಂಬಾ ಕಮ್ಮಿ, ಈಗ ಬಹಳ ಸರ್ಜನ್‌ಗಳು ಗಾಯದ ಕಣ್ಣಿಗೂ ಅದನ್ನೇ ಮಾಡುತ್ತಾರೆ. ತೆಗೆಯುವ ಉದ್ದೇಶವೇ ಇನ್ನೊಂದು ಕಣ್ಣನ್ನು ಉಳಿಸುವುದಾದರೆ ನನ್ನ ಆಯ್ಕೆ ಎನ್ಯೂಕ್ಲಿಯೇಶನ್. ಇನ್ನೊಂದು ಮಾತು: ಎಡಗಣ್ಣಿನಲ್ಲಿ ಉರಿಯೂತ ಶುರುವಾದ ಮೇಲೆ ಬಲಗಣ್ಣು ತೆಗೆದರೆ ಲಾಭ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆಗ ಮಾಡಬೇಕಾದದ್ದು ಔಷಧಿ.

ಹೆಂಡತಿಗೆ ಹೆದರಿಕೆ ಇರುವುದು ಮುಖ ಹೇಗೆ ಕಾಣುತ್ತದೋ ಎಂದಿರಬಹುದು. ಗುಂಡಿ ಖಾಲಿ ಬಿಡುವುದಿಲ್ಲ ಎಂದು ಅವರಿಗೆ ತಿಳಿಸಿ. 18ರಿಂದ 22 ಮಿ.ಮೀ. ವ್ಯಾಸದ ಗೋಳ ಒಳಗಿಟ್ಟು ಸ್ನಾಯುಗಳನ್ನು ಅದಕ್ಕೆ ಸೇರಿಸಿ ಹೊಲಿಯುತ್ತಾರೆ, ಮುಂದೆ ಕನ್‌ಫಾರ್ಮರ್ ಎಂಬ ತೆಳು ಚಿಪ್ಪು ಕೂರಿಸುತ್ತಾರೆ. ಅದು ಬಿದ್ದುಹೋದರೆ ತೊಳೆದು ಮತ್ತೆ ಹಾಕಿಸಬೇಕು, ಇಲ್ಲವಾದರೆ ರೆಪ್ಪೆಯ ಹಿಂದಿನ ಜಾಗ ಕುಗ್ಗುತ್ತದೆ. ಆರರಿಂದ ಎಂಟು ವಾರಕ್ಕೆ ಊತ ಇಳಿದ ಮೇಲೆ ಅಚ್ಚು ತೆಗೆದು, ಎಡಗಣ್ಣಿನ ಬಣ್ಣ ನೋಡಿ ಕೈಯಲ್ಲೇ ಐರಿಸ್ ಬರೆದು ಕೃತಕ ಕಣ್ಣು ಮಾಡುತ್ತಾರೆ. ಗಾಜಿನದ್ದಲ್ಲ, ಅಕ್ರಿಲಿಕ್. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಹಾಕಿಸಬೇಡಿ. ಹಿಂದೆ ಜಾಗ ಉಳಿದು ನೀರು ಕಟ್ಟಿಕೊಂಡು ವಾಸನೆ ಬರುತ್ತದೆ.

ಮಾತ್ರೆಡಬ್ಬಿ:

ನಾನು ಆಸ್ಪತ್ರೆ ಫಾರ್ಮಸಿಸ್ಟ್. ಎಡಗಣ್ಣಿಗೆ ಬಂದೇಬಿಟ್ಟಿತು ಎಂದಾದರೆ ಡೋಸ್ ನಿರ್ಧರಿಸುವುದು ಯುವಿಯೈಟಿಸ್ (ಯುವಿಯಾ ಉರಿಯೂತ) ತಜ್ಞರು. ಆದರೆ ಮಾತ್ರೆ ಎಡವಟ್ಟಾಗುವುದು ನಮ್ಮ ನಿಮ್ಮಂಥವರ ಕೌಂಟರಿನಲ್ಲಿ, ಅದಕ್ಕೆ ಬರೆಯುತ್ತಿದ್ದೇನೆ.

ಸಾಮಾನ್ಯ ಕ್ರಮ ಹೀಗಿರುತ್ತದೆ. ರೆಟಿನಾ ಕೆಳಗೆ ನೀರು ತುಂಬಿದಂಥ ಜೋರಿನ ಕೇಸಿಗೆ ಮಿಥೈಲ್‌ಪ್ರೆಡ್ನಿಸೋಲೋನ್ ದಿನಕ್ಕೆ 1 ಗ್ರಾಂ, ಮೂರು ದಿನ, ಅಡ್ಮಿಟ್ ಮಾಡಿಕೊಂಡು ಡ್ರಿಪ್‌ನಲ್ಲಿ ನಿಧಾನವಾಗಿ, ಬಿ.ಪಿ., ಶುಗರ್ ನೋಡಿಕೊಂಡು. ಆಮೇಲೆ ಬಾಯಿಗೆ ಪ್ರೆಡ್ನಿಸೋಲೋನ್ ಕೆ.ಜಿ. ತೂಕಕ್ಕೆ ಸುಮಾರು 1 ಮಿ.ಗ್ರಾಂ. 60 ಕೆ.ಜಿ. ಇದ್ದವರಿಗೆ 60 ಮಿ.ಗ್ರಾಂ., ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೇ ಸಲ. ಇದರಿಂದ ಇಳಿಯುವುದು ತಿಂಗಳುಗಟ್ಟಲೆ. ಸ್ಟಿರಾಯ್ಡ್ ಒಂದರ ಮೇಲೇ ನಿಲ್ಲಿಸಲಾಗದ್ದಕ್ಕೆ ಅಜಾಥಯೋಪ್ರಿನ್, ಮೆಥೊಟ್ರೆಕ್ಸೇಟ್ ಅಥವಾ ಮೈಕೋಫಿನೋಲೇಟ್ ಸೇರಿಸುತ್ತಾರೆ. ಶುರು ಮಾಡುವ ಮೊದಲು ಎದೆ ಎಕ್ಸ್‌ರೇ, ಟಿ.ಬಿ.ಯ ಮ್ಯಾಂಟೂ ಚರ್ಮಪರೀಕ್ಷೆ, ಸಿಫಿಲಿಸ್ ಟೆಸ್ಟ್, ಹೆಪಟೈಟಿಸ್ ಬಿ, ಲಿವರ್ ಟೆಸ್ಟ್, ಸಿಬಿಸಿ (ರಕ್ತಕಣಗಳ ಎಣಿಕೆ). ನಮ್ಮ ದೇಶದಲ್ಲಿ ಟಿ.ಬಿ. ಕೂಡ ಇದೇ ವೇಷದಲ್ಲಿ ಕಣ್ಣಿಗೆ ಬರುತ್ತದೆ. ಅದನ್ನು ತಳ್ಳಿಹಾಕದೆ ಸ್ಟಿರಾಯ್ಡ್ ಕೊಟ್ಟರೆ ಇಡೀ ದೇಹಕ್ಕೆ ಅಪಾಯ.

ಎಡವಟ್ಟು ಆಗುವುದು ಎಲ್ಲೆಲ್ಲಿ? ಪ್ರೆಡ್ನಿಸೋಲೋನ್ 5, 10, 20, 40 ಮಿ.ಗ್ರಾಂ. ಹೀಗೆ ಬೇರೆ ಬೇರೆ ಬರುತ್ತದೆ. "ಮೂರು ಮಾತ್ರೆ" ಎಂದು ಬಾಯಿಪಾಠ ಮಾಡಿಕೊಂಡವರಿಗೆ 20ರ ಬದಲು 10ರ ಸ್ಟ್ರಿಪ್ ಸಿಕ್ಕರೆ ಡೋಸ್ ಅರ್ಧಕ್ಕೆ ಇಳಿಯಿತು, ಕಣ್ಣು ಮತ್ತೆ ಕೆರಳಿತು. ಚೀಟಿಯ ಮೇಲೆ ಮಾತ್ರೆ ಎಷ್ಟು ಎಂದಲ್ಲ, ಮಿ.ಗ್ರಾಂ. ಎಷ್ಟು ಎಂದು ಬರೆದುಕೊಡಿ. ಬದಲಿಗೆ ಡೆಫ್ಲಜಾಕಾರ್ಟ್ ಕೊಟ್ಟಿದ್ದರೆ ಅದರ 6 ಮಿ.ಗ್ರಾಂ. ಇದರ 5ಕ್ಕೆ ಸಮ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೋಲೋನ್ ಶುಗರ್ ಏರಿಸುವುದು ಮಧ್ಯಾಹ್ನದ ಮೇಲೆ, ಖಾಲಿಹೊಟ್ಟೆಯದ್ದು ನಾರ್ಮಲ್ ಬಂತೆಂದು ಸುಮ್ಮನಾಗಬೇಡಿ, ಊಟದ ನಂತರದ್ದು ನೋಡಿ. ಮುಖ ಊದಿತು ಎಂದು ತಾವಾಗಿ ನಿಲ್ಲಿಸುವವರೇ ಹೆಚ್ಚು. ಮೂರು ವಾರ ಮೀರಿ ತೆಗೆದುಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಅಡ್ರಿನಲ್ ಗ್ರಂಥಿ ಕೈಕೊಡುತ್ತದೆ, ವಾಂತಿ, ಬಿ.ಪಿ. ಕುಸಿತ, ಪ್ರಾಣಕ್ಕೇ ಬರಬಹುದು.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ರಕ್ತಕಣಗಳು ಕುಸಿದು ಸಾಯಬಹುದು. "ಸೋಮವಾರ ಮಾತ್ರ" ಎಂದು ಸ್ಟ್ರಿಪ್ ಮೇಲೆ ಮಾರ್ಕರಿನಲ್ಲಿ ಬರೆಯಿರಿ, ಫೋಲಿಕ್ ಆಸಿಡ್ ಬೇರೆ ದಿನ. ಅದರ ಜೊತೆ ಕೋಟ್ರೈಮೋಕ್ಸಜೋಲ್ ಬೇಡ. ಅಜಾಥಯೋಪ್ರಿನ್ ಜೊತೆ ಯೂರಿಕ್ ಆಸಿಡ್‌ನ ಅಲೋಪ್ಯೂರಿನಾಲ್ ಬೇಡವೇ ಬೇಡ. ಅಜಾಥಯೋಪ್ರಿನ್ ಶುರುವಾದ ಮೊದಲ ವಾರಗಳಲ್ಲಿ ಕೂದಲು ಗೊಂಚಲುಗೊಂಚಲಾಗಿ ಉದುರಿದರೆ ಅಂದೇ ಸಿಬಿಸಿ ಮಾಡಿಸಿ ಡಾಕ್ಟರಿಗೆ ಫೋನ್ ಮಾಡಿ. ಅನುವಂಶಿಕ ಕಾರಣದಿಂದ ನಮ್ಮ ಜನರಲ್ಲಿ ಕೆಲವರಿಗೆ ಆ ಮಾತ್ರೆ ತಡೆಯುವುದಿಲ್ಲ, ಬಿಳಿರಕ್ತಕಣ ಬಿದ್ದುಹೋಗುತ್ತವೆ.

ಡ್ರಾಪ್ಸ್ ಬಗ್ಗೆ: ಪ್ರೆಡ್ನಿಸೋಲೋನ್ ಅಸಿಟೇಟ್ 1% ತಳದಲ್ಲಿ ಕೂರುವ ಔಷಧಿ, ಚೆನ್ನಾಗಿ ಕುಲುಕದೆ ಹಾಕಿದರೆ ಬರೀ ನೀರು ಬೀಳುತ್ತದೆ. ಎರಡು ಡ್ರಾಪ್ಸ್ ನಡುವೆ ಐದು ನಿಮಿಷ. ಅಟ್ರೋಪಿನ್ ಹಾಕಿದಾಗ ಓದಲು ಮಂಜಾಗಿಯೇ ಆಗುತ್ತದೆ. ಅದನ್ನು ಮೊದಲೇ ಹೇಳಿ, ಇಲ್ಲವಾದರೆ ಕಾಯಿಲೆ ಹೆಚ್ಚಾಯಿತು ಎಂದು ಬಿಟ್ಟುಬಿಡುತ್ತಾರೆ.

ತಾಲ್ಲೂಕುಕಣ್ಣು:

ಎಲ್ಲರಿಗೂ ಧನ್ಯವಾದ. ಎಡಗಣ್ಣಿನ ನಿಯರ್ ಪಾಯಿಂಟ್ (ಅಕ್ಷರ ಮಸುಕಾಗುವ ದೂರ) 12 ಸೆಂ.ಮೀ., ಕೋಶ ಸೊನ್ನೆ, ಕಾರ್ಡಿಗೆ ಬರೆದೆ. ಬಿ-ಸ್ಕ್ಯಾನಿಗೆ ಜಿಲ್ಲಾಸ್ಪತ್ರೆಗೆ ಕಳಿಸುತ್ತಿದ್ದೇನೆ. ಒಂದು ಉಪಪ್ರಶ್ನೆ: ಅಲ್ಲಿನ ಡಿಸ್ಚಾರ್ಜ್ ಚೀಟಿಯಲ್ಲಿ ಬಲಗಣ್ಣಿಗೆ ಸ್ಟಿರಾಯ್ಡ್ ಡ್ರಾಪ್ಸ್ ಮತ್ತು ಬಾಯಿಗೆ ಪ್ರೆಡ್ನಿಸೋಲೋನ್ ಹತ್ತು ದಿನ ಇದೆ. ಇದರಿಂದ ಎಡಗಣ್ಣಿಗೆ ಮುಂಜಾಗ್ರತೆ ಆದಂತೆ ಅಲ್ಲವೇ?

ಯುವಿಯಾಪದರ:

ಅಲ್ಲ. ಅದು ಬಲಗಣ್ಣಿನ ಗಾಯದ ಉರಿಯೂತಕ್ಕೆ ಕೊಟ್ಟದ್ದು. ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಈ ಕಾಯಿಲೆ ಬರುವುದಿಲ್ಲ ಎಂದು ಯಾರೂ ತೋರಿಸಿಲ್ಲ. ಬದಲಿಗೆ ಲಕ್ಷಣ ಮುಚ್ಚಿಹೋಗಬಹುದು. ಹಾಗಾಗಿ ಮಾತ್ರೆ ನಿಂತ ನಂತರದ ಎರಡು-ಮೂರು ವಾರ ನಿಮ್ಮ ಕಾರ್ಡಿನಲ್ಲಿ ಹೆಚ್ಚು ಭೇಟಿ ಇಟ್ಟುಕೊಳ್ಳಿ.

ಕಳಿಸಬೇಕಾಗಿ ಬಂದರೆ ಓಸಿಟಿ (ರೆಟಿನಾ ಪದರಗಳ ಸ್ಕ್ಯಾನ್) ಮತ್ತು ಫ್ಲೋರೆಸೀನ್ ಆಂಜಿಯೋ (ರಕ್ತಕ್ಕೆ ಡೈ ಚುಚ್ಚಿ ತೆಗೆಯುವ ರೆಟಿನಾ ಚಿತ್ರ) ಎರಡೂ ಇರುವ ಕಡೆಗೇ ಕಳಿಸಿ. ಆಂಜಿಯೋದಲ್ಲಿ ಸೂಜಿಮೊನೆಯಷ್ಟು ಸೋರುವ ಚುಕ್ಕೆಗಳು ಹಲವು ಕಡೆ ಕಂಡು ಆಮೇಲೆ ಡೈ ಕೆರೆಯಂತೆ ನಿಲ್ಲುವುದು ಇದರ ಗುರುತು. ವಿ.ಕೆ.ಎಚ್. (ವೋಗ್ಟ್-ಕೊಯನಗಿ-ಹರಾಡ) ಎಂಬ ಇನ್ನೊಂದು ಯುವಿಯಾ ಉರಿಯೂತದಲ್ಲೂ ಥೇಟ್ ಹೀಗೇ ಇರುತ್ತದೆ, ಆದರೆ ಅಲ್ಲಿ ಗಾಯದ ಚರಿತ್ರೆ ಇರುವುದಿಲ್ಲ. ಆದ್ದರಿಂದ ರೆಫರಲ್ ಚೀಟಿಯ ಮೊದಲ ಸಾಲಿನಲ್ಲೇ "ಇಂಥ ದಿನಾಂಕ ಬಲಗಣ್ಣಿಗೆ ಗುಡ್ಡೆ ಒಡೆದ ಗಾಯ, ಯುವಿಯಾ ಹೊರಬಂದಿತ್ತು" ಎಂದು ಬರೆಯಿರಿ. ಹತ್ತು ವರ್ಷದ ನಂತರ ಬಂದರೂ ಆ ಸಾಲು ಬೇಕು, ಪೇಶೆಂಟ್ ಮರೆತಿರುತ್ತಾರೆ.

ಬೀಮ್ಒಂದುಮಿಮೀ:

ಆತನ ಜೊತೆ ಕೆಲಸ ಮಾಡುವವರು ಬಂದಾಗ ಉಳಿಗಳನ್ನು ತರಿಸಿ ನೋಡಿ. ಸುತ್ತಿಗೆ ಹೊಡೆದು ಹೊಡೆದು ತಲೆ ಅರಳಿ ಅಂಚು ಸುರುಳಿ ಸುತ್ತಿದ್ದರೆ ಆ ಅಂಚೇ ಚೂರಾಗಿ ಸಿಡಿಯುವುದು. ಗ್ರೈಂಡರಿನಲ್ಲಿ ಆ ತಲೆ ಉಜ್ಜಿ ಅಂಚು ಇಳಿಜಾರು ಮಾಡಿಸಲಿ. ಪೇಶೆಂಟ್‌ಗೆ ಪವರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಕನ್ನಡಕ, ಪಕ್ಕದ ತಡೆ ಇರುವಂಥದ್ದು, ಕೆಲಸದಲ್ಲಿ ಮಾತ್ರವಲ್ಲ, ಬೈಕಿನಲ್ಲೂ. ಮತ್ತೆ ಯಾರಿಗಾದರೂ ಹೀಗಾದರೆ ತೊಳೆಯುವುದು, ಉಜ್ಜುವುದು, ಎದೆಹಾಲು ಅಥವಾ ಹರಳೆಣ್ಣೆ ಬಿಡುವುದು, ಹತ್ತಿ ಒತ್ತಿ ಕಟ್ಟುವುದು ಬೇಡ. ಚುಚ್ಚಿಕೊಂಡದ್ದನ್ನು ಕೀಳಬಾರದು. ಪೇಪರ್ ಲೋಟದ ತಳಭಾಗವನ್ನು ಕತ್ತರಿಸಿಕೊಂಡು ಅದನ್ನು ಹುಬ್ಬಿನ ಮೂಳೆ, ಕೆನ್ನೆಯ ಮೂಳೆಗೆ ತಾಗುವಂತೆ ಮುಚ್ಚಿ ಟೇಪ್ ಹಾಕಿ, ಏನೂ ತಿನ್ನಿಸದೆ, ಧನುರ್ವಾಯು ಚುಚ್ಚುಮದ್ದು ಕೊಟ್ಟು, ವಾಂತಿ ಬರದ ಹಾಗೆ ಇಂಜೆಕ್ಷನ್ ಹಾಕಿ ಕಳಿಸಿ. ಕಬ್ಬಿಣದ ಚೂರಿನ ಅನುಮಾನ ಇದ್ದರೆ ಚೀಟಿಯಲ್ಲಿ "ಎಂಆರ್‌ಐ ಬೇಡ, ಸಿ.ಟಿ. ಮಾಡಿ" ಎಂದು ದಪ್ಪಗೆ ಬರೆಯಿರಿ.